ಬಂಬಿನ ಚಿಂದಿ

ಸೊಲ್ಲಾಪುರದಿಂದ ಅಕ್ಕಲಕೋಟದ ತವರಿಗೆ ಹೋಗುವಾಗ ನಾವು ಹಣ್ಣು ಒಯ್ಯುವುದನ್ನು ಮರೆತರೂ ಚಿಂದಿ ಒಯ್ಯುವುದನ್ನು ಮರೆಯುವುದಿಲ್ಲ. ಗಂಡನ ಮನೆಯವರದು ಟವೆಲಿನ ವ್ಯಾಪಾರ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಮಗ್ಗಗಳಿಂದ ಮಾಲು ಬರುವಾಗ ಕತ್ತರಿಸಿದ ಅಂಚು, ಬಣ್ಣದ ನೂಲಿನ ತುಂಡು, ನೇಯ್ಗೆ ಕೆಟ್ಟ ಪಟ್ಟಿ ಎಲ್ಲವೂ ಚೀಲಗಳಲ್ಲಿ ಜತೆಗೆ ಬರುತ್ತವೆ. ಅದೇ ಚಿಂದಿ. ತವರಿನ ಬಚ್ಚಲಲ್ಲಿ ಹಳೆಯ ತಾಮ್ರದ ಬಂಬು ಇದೆ: ನಡುವೆ ಕೊಳವೆ, ಕೊಳವೆಯೊಳಗೆ ಬೆಂಕಿ, ಸುತ್ತ ನೀರು. ಚಿಂದಿ ಹಾಕಿದರೆ ಥಟ್ಟನೆ ಹತ್ತಿಕೊಳ್ಳುತ್ತದೆ. ಅಪ್ಪ ಬದುಕಿದ್ದಾಗ ಕೋರ್ಟಿನ ಕೆಲಸಕ್ಕೆ ಸೊಲ್ಲಾಪುರಕ್ಕೆ ಬಂದರೆ ಒಂದು ಚೀಲ ಕೊಂಡು ಬಸ್ಸಿನ ಮೇಲೆ ಹಾಕಿಸಿ ತರುತ್ತಿದ್ದರು. ನನ್ನ ಮದುವೆಯ ಮೇಲೆ ಅದು ಬೀಗರ ಕಡೆಯಿಂದ ಬರುವ ಮರ್ಯಾದೆಯಾಯಿತು. ಅವ್ವ ಓಣಿಯವರಿಗೆ ಚೀಲ ಬಿಚ್ಚಿ ತೋರಿಸುತ್ತಾಳೆ. "ನಮ್ಮ ಅಳಿಯ ಕಳಿಸ್ಯಾನ್ರಿ. ಬಣ್ಣ ನೋಡ್ರಿ, ಸುಡಾಕ ಮನಸ ಬರೂದಿಲ್ಲ." ಹೇಳಿ, ಸುಡುತ್ತಾಳೆ.

ಈ ಸಲ ಚೀಲ ಕಾರಿನ ಡಿಕ್ಕಿಯಲ್ಲಿತ್ತು. ಮಗಳು ಹಿಂದಿನ ಸೀಟಿನಲ್ಲಿದ್ದಳು. ನನ್ನ ತಲೆಯಲ್ಲಿ ಮಕ್ಕಳ ಡಾಕ್ಟರ್ ಕೇಳಿದ ಪ್ರಶ್ನೆ ಇತ್ತು.

ಮಗಳು ಒಂದನೇ ತರಗತಿ. ಮೂರನೇ ತರಗತಿಯವರ ಅಳತೆಯ ಸಮವಸ್ತ್ರ ಹಾಕುತ್ತಾಳೆ. ಶಾಲೆಯಲ್ಲಿ ಮಕ್ಕಳು ಮರಾಠಿಯಲ್ಲಿ 'ಜಾಡಿ' ಎಂದು ಅವಳ ದಪ್ಪವನ್ನೇ ಹೆಸರು ಮಾಡಿ ಕರೆಯುತ್ತಾರೆ. ಅತ್ತೆಯ ಮನೆಯಲ್ಲಿ ಅದೇ ಮೈಗೆ ಬೇರೆ ಮಾತು: ಖಾತ್ಯಾ-ಪಿತ್ಯಾ ಘರಚೀ, ಉಂಡುಟ್ಟು ಸುಖವಾಗಿರುವ ಮನೆಯ ಕೂಸು. ವ್ಯಾಪಾರಸ್ಥರ ಓಣಿಯಲ್ಲಿ ಮಗುವಿನ ಕೆನ್ನೆಯೂ ಅಂಗಡಿಯ ಬೋರ್ಡಿನ ಹಾಗೆಯೇ; ಅದು ತುಂಬಿಕೊಂಡಿರಬೇಕು. ಡಾಕ್ಟರ್ ಊಟ ಕೇಳಿದರು, ಆಟ ಕೇಳಿದರು, ನಿದ್ದೆ ಕೇಳಿದರು, ನನ್ನ ಮತ್ತು ಗಂಡನ ಮೈಕಟ್ಟನ್ನೂ ನೋಡಿದರು. ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆಮೇಲೆ ಕೇಳಿದರು, "ಬಸುರಿದ್ದಾಗ ಎಲ್ಲಿದ್ರಿ? ಹುಟ್ಟಿದ ಹೊಸದಾಗಿ ಕೂಸನ್ನ ಎಲ್ಲಿ ಮಲಗಸ್ತಿದ್ರಿ? ಹತ್ರ ಏನರ ಸುಡ್ತಿದ್ರೇನ್ರಿ?"

"ಯಾಕ್ರಿ?"

"ಹೊಗಿ, ಹೊಲಸ ಗಾಳಿ, ಕೆಲವು ಕೆಮಿಕಲ್ಲು. ಹೊಟ್ಟ್ಯಾಗಿದ್ದಾಗ, ಹುಟ್ಟಿದ ಮ್ಯಾಲೆ ಮೊದಲ ವರ್ಷದಾಗ ಇವು ಕೂಸಿನ ಮೈಗೆ ಹೋದ್ರ ಮುಂದ ತೂಕಕ್ಕೂ ಅದಕ್ಕೂ ಸಂಬಂಧ ಇರಬಹುದೇನು ಅಂತ ನೋಡಾಕತ್ತಾರ. ಇರಬಹುದು ಅನ್ನವರು ಇದ್ದಾರ. ಆದ್ರ ನಿಮ್ಮ ಮಗಳಿಗೆ ಅದೇ ಕಾರಣ ಅಂತ ನಾ ಹೇಳೂದಿಲ್ರಿ. ಒಂದು ಕೂಸಿನ ವಿಷಯದಾಗ ಹಂಗ ಯಾರೂ ಹೇಳಾಕ ಆಗೂದಿಲ್ಲ."

ಕೊನೆಯ ಮಾತನ್ನು ಅವರು ಒತ್ತಿ ಹೇಳಿದರು. ನಾನು ಮೊದಲಿನದನ್ನಷ್ಟೇ ಹಿಡಿದುಕೊಂಡೆ. ತವರಿನ ಬಾಣಂತಿ ಕೋಣೆಯನ್ನು ನಿಂತ ನಿಲುವಿನಲ್ಲೇ ವರ್ಣಿಸಿದೆ: ಪಕ್ಕದಲ್ಲೇ ಬಚ್ಚಲು, ಬಂಬಿನಲ್ಲಿ ಉರಿಯುವ ಬಣ್ಣದ ಚಿಂದಿ, ಗಾಳಿ ತಾಕಬಾರದೆಂದು ಮುಚ್ಚಿದ ಬಾಗಿಲು, ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಅಜವಾನ, ಸಬ್ಬಸಿಗೆ ಬೀಜ, ಬೆಳ್ಳುಳ್ಳಿ ಸಿಪ್ಪೆ, ಮತ್ತು ಹೊರಸಿನ ಹಗ್ಗದ ಸಂದಿಯಿಂದ ಏಳುವ ನೀಲಿ ಹೊಗೆ. ಸೊಲ್ಲಾಪುರಕ್ಕೆ ಮರಳಿದ ಮೇಲೆ ಎಂಐಡಿಸಿ ಕಡೆಯ ಮಗ್ಗದ ಸಪ್ಪಳ ಕೇಳುತ್ತ ಹಾಲು ಕುಡಿಸುತ್ತಿದ್ದೆ ಎಂದೂ ಹೇಳಿದೆ. ಡಾಕ್ಟರ್ ತಲೆಯಾಡಿಸಿದರು. ಹೊರಗೆ ಬಂದಾಗ ನನಗೆ ಒಂದು ಬಗೆಯ ಸಮಾಧಾನವಾಗಿತ್ತು. ಅದು ಯಾಕೆ ಸಮಾಧಾನ ಎಂದು ಕೇಳಿಕೊಳ್ಳಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಓದಿದವಳು ನಾನು; ಇಷ್ಟು ಸಲೀಸಾಗಿ ನೆನಪಾದದ್ದನ್ನು ಅಲ್ಲೇ ಅನುಮಾನಿಸಬೇಕಿತ್ತು. ದಿನಚರಿ ಬರೆಯುವ ರೂಢಿ ಇದೆ, ಆದರೆ ಬಾಣಂತನದ ತಿಂಗಳುಗಳಲ್ಲಿ ಒಂದು ಸಾಲೂ ಬರೆದಿಲ್ಲ.

ನಾವು ಅಕ್ಕಲಕೋಟಕ್ಕೆ ಹೊರಟದ್ದು ತಮ್ಮನ ಮಗುವನ್ನು ನೋಡಲು. ಮಗು ಹುಟ್ಟಿತ್ತು, ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಬರುವುದಿತ್ತು. ತಮ್ಮನ ಹೆಂಡತಿಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ನಮ್ಮ ಅವ್ವನ ಪಾಲಿಗೆ ಬಂದಿತ್ತು. ಅದೇ ಕೋಣೆ, ಅದೇ ಹೊರಸು. ಆ ಕೋಣೆಯಲ್ಲಿ ಈ ಚಿಂದಿ ಸುಡಬಾರದು ಎಂದು ಅವ್ವನಿಗೆ ಹೇಳಬೇಕೆಂದುಕೊಂಡು ಹೊರಟವಳು, ಡಿಕ್ಕಿಯಲ್ಲಿ ಚಿಂದಿಯನ್ನೇ ತುಂಬಿಕೊಂಡಿದ್ದೆ. ಗಂಡ ಅಂಗಡಿಯಿಂದ ಕಳಿಸಿದ್ದ, ನಾನು ಎಂದಿನಂತೆ ಹಾಕಿಕೊಂಡಿದ್ದೆ.

ಅವ್ವ ಕೋಣೆ ಸಾರಿಸಿ, ಹೊರಸಿನ ಹಗ್ಗ ಬಿಗಿ ಮಾಡುತ್ತ ಕೂತಿದ್ದಳು.

"ಅವ್ವ, ಈ ಸಲ ಚಿಂದಿ ಸುಡೂದು ಬ್ಯಾಡ."

"ಮತ್ತ ಯಾಕ ತಂದಿ?"

"ಡಾಕ್ಟರ್ ಹೇಳ್ಯಾರ," ಎಂದೆ. "ಇಂಥಾ ಹೊಗಿ ಎಳೆ ಕೂಸಿಗೆ ಹೋದ್ರ ಮುಂದ ಮೈ ಬೆಳೀತದಂತ."

ಡಾಕ್ಟರ್ ಹಾಗೆ ಹೇಳಿರಲಿಲ್ಲ. ಅವ್ವನ ಕೈ ಹಗ್ಗದ ಮೇಲೆ ನಿಂತಿತು. "ಅಂದ್ರ ನಿನ್ನ ಮಗಳ ಮೈ ನಾ ಕೆಡಿಸೀನಿ ಅಂತೀಯೇನ?"

"ಹಂಗ ಅಂದಿಲ್ಲವ್ವ."

"ಅಂದಿ. ಕಾಲೇಜ ಕಲಿತಾಕಿ, ಸೀದಾ ಅನ್ನೂದಿಲ್ಲ, ಸುತ್ತಿ ಬಳಸಿ ಅಂತಿ. ನಾ ಎರದೆ, ನಾ ಒರಸಿದೆ, ನಾ ಶಾಖ ಕೊಟ್ಟೆ. ನಿನ್ನ ಬೆನ್ನ ಇವತ್ತ ಸೀದಾ ಅದ ಅಂದ್ರ ಆ ಶಾಖದಿಂದ. ಅದಕ್ಕ ಯಾವ ಡಾಕ್ಟರ್ ಕಾರಣ ಹೇಳೂದಿಲ್ಲೇನ?"

ಹೊಸ್ತಿಲ ಮೇಲೆ ಮಗಳು ನಿಂತಿದ್ದಳು. ಮರಾಠಿ ಅವಳ ಬಾಯಿಗೆ ಮೊದಲು ಬರುತ್ತದೆ, ಕನ್ನಡ ಆಮೇಲೆ ಸೇರಿಕೊಳ್ಳುತ್ತದೆ. "ಆಜಿ, ನನಗ ಕಾಯ ಝಾಲಂ?"

"ನಿನಗೇನಾಗಿಲ್ಲ ಬಾಳ," ಎಂದಳು ಅವ್ವ. "ಆಗಿದ್ದು ನಿಮ್ಮವ್ವಗ."

ಮಗಳು ನನ್ನ ಮುಖ ನೋಡಿದಳು. ಶಾಲೆಯಲ್ಲಿ 'ಜಾಡಿ' ಅನ್ನಿಸಿಕೊಂಡು ಬಂದ ದಿನ ಬೂಟು ಬಿಚ್ಚುವ ಮೊದಲು ನೋಡುತ್ತಾಳಲ್ಲ, ಹಾಗೆ. ಈ ಮಾತನ್ನು ಅವಳ ಎದುರಿಗೆ ಆಡಬಾರದಿತ್ತು ಎನ್ನುವಷ್ಟರಲ್ಲಿ ತಮ್ಮ ಆಸ್ಪತ್ರೆಯಿಂದ ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದ. ಅವ್ವ ನನ್ನ ಮಾತನ್ನು ನಾಲ್ಕು ಪಟ್ಟು ಬೆಳೆಸಿ ಅವನಿಗೆ ದೂರು ಕೊಟ್ಟಳು. ಅವನು ಡಬ್ಬಿಯ ಮುಚ್ಚಳ ಒತ್ತುತ್ತ ಕೇಳಿಸಿಕೊಂಡ.

"ಅಕ್ಕ, ನೀ ಬಾಣಂತಿ ಇದ್ದಾಗ ಚಿಂದಿ ಎಲ್ಲಿತ್ತ?" ಎಂದ. "ಲಾಕ್‌ಡೌನ್ ಅಲ್ಲೇನ? ಮಗ್ಗ ಬಂದ್, ಗಾಡಿ ಬಂದ್, ನಿಮ್ಮ ಅಂಗಡಿಗೇ ಕೀಲಿ ಬಿದ್ದಿತ್ತು. ನಾ ಹಿತ್ತಲದ ಬೇವಿನ ಟೊಂಗಿ ಕಡದು ಕಡದು ಕೈಯಾಗ ಗುಳ್ಳಿ ಎದ್ದಿದ್ವು."

"ಟೊಂಗಿ ಎಲ್ಲಿ ಕಡದಿ? ದಿನಾ ಗ್ಯಾಸಿನ ಮ್ಯಾಲೆ ಕಾಸಿದಾಕಿ ನಾ," ಎಂದಳು ಅವ್ವ.

ಮಗಳು ಲಾಕ್‌ಡೌನಿನಲ್ಲಿ ಹುಟ್ಟಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಆಗ ಮಗ್ಗ ನಿಂತದ್ದೂ ಗೊತ್ತು. ಎರಡನ್ನೂ ಒಂದೆಡೆ ಇಟ್ಟು ನೋಡಿರಲಿಲ್ಲ, ಅಷ್ಟೇ. ಹಾಗಾದರೆ ಹಾಲು ಕುಡಿಸುವಾಗ ಕೇಳುತ್ತಿದ್ದ ಮಗ್ಗದ ಸಪ್ಪಳ ಯಾವುದು?

"ಮತ್ತ ಹೊರಸಿನ ಕೆಳಗಿನ ಹೊಗಿ?" ಎಂದೆ. ನನ್ನ ದನಿ ನನಗೇ ಜಗಳಗಂಟಿಯದಾಗಿ ಕೇಳಿತು. "ನೀಲಿ ಹೊಗಿ. ಕಣ್ಣಿಗೆ ಕಟ್ಟಿದಂಗ ಅದ."

"ಅದು ಇಂವ ಹುಟ್ಟಿದಾಗಿಂದು," ಎಂದಳು ಅವ್ವ, ತಮ್ಮನ ಕಡೆ ಗದ್ದ ಎತ್ತಿ. "ಹೊರಸಿನ ಮ್ಯಾಲೆ ನಾ ಮಲಗಿದ್ದೆ. ನೀ ಬಾಗಿಲದಾಗ ನಿಂತು ಕೆಮ್ಮತಿದ್ದಿ. ಒಳಗ ಬಾ ಅಂದ್ರ ಬರಲಿಲ್ಲ, ಹೋಗ ಅಂದ್ರ ಹೋಗಲಿಲ್ಲ."

ತಮ್ಮ ಖುಷಿಯಾಗಿಬಿಟ್ಟ. "ಹಂಗಾರ ಆ ಹೊಗಿ ಕುಡದಾಂವ ನಾ! ನೋಡ ನನ್ನ, ಟವೆಲ್ ಒಣಹಾಕೂ ಗಳಾ ಇದ್ದಂಗ ಇದ್ದೀನಿ. ನನ್ನ ಒಯ್ದು ತೋರಸ ನಿಮ್ಮ ಡಾಕ್ಟರಿಗೆ."

ಎಲ್ಲರೂ ನಕ್ಕರು. ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು, ಯಾತಕ್ಕೆ ಎಂದು ತಿಳಿಯದೆಯೇ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಒಣಹಾಕಿದ್ದ ಬಟ್ಟೆಗಳ ನಡುವೆ ಅಡ್ಡಾಡಿದೆ. ಕೂರಲಾಗಲಿಲ್ಲ. ಅವ್ವನ ನೆನಪು ಸರಿ ಎಂದು ನಾನೇಕೆ ನಂಬಬೇಕು? ಗ್ಯಾಸೋ ಬೇವೋ ಎಂದು ಅವರಿಬ್ಬರಿಗೇ ಹೊಂದಿಕೆಯಿಲ್ಲ. ಒಂದು ಹಳೆಯ ಚೀಲ ಮೂಲೆಯಲ್ಲಿ ಉಳಿದಿರಬಹುದಲ್ಲ? ಬಸುರಿಯಾಗಿ ಸೊಲ್ಲಾಪುರದಲ್ಲಿದ್ದಾಗ ಮಗ್ಗಗಳು ನಡೆಯುತ್ತಲೇ ಇದ್ದವಲ್ಲ, ಮೊದಲಿನ ಕೆಲವು ತಿಂಗಳಾದರೂ? ಹೀಗೆ ಹುಡುಕುತ್ತ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಗತೊಡಗಿತು, ಅದು ಹಿತವಾಗಿರಲಿಲ್ಲ. ಹೊಗೆಯೇ ಕಾರಣವಾಗಲಿ ಎಂದು ನಾನು ಬಯಸುತ್ತಿದ್ದೆ. ಹೊಗೆಯಾದರೆ ಅತ್ತೆ ಮಗಳಿಗೆ ಬಡಿಸುವ ತುಪ್ಪದ ಮಾತು ಎತ್ತಬೇಕಿಲ್ಲ, ನನ್ನ ಕಡೆಯ ಮೈಕಟ್ಟು, ಗಂಡನ ಕಡೆಯ ಮೈಕಟ್ಟು ಎನ್ನಬೇಕಿಲ್ಲ, ಮಗಳ ತಟ್ಟೆಯನ್ನು ಕದ್ದು ನೋಡಬೇಕಿಲ್ಲ. ಡಾಕ್ಟರ ಕೋಣೆಯಿಂದ ಹೊರಬಂದಾಗಿನ ಸಮಾಧಾನ ಅದೇ. ನನ್ನ ಸಾಕ್ಷಿ ಬಿದ್ದುಹೋಗಿತ್ತು. ಆದರೆ ಮಧ್ಯಾಹ್ನ ಬರುವ ಕೂಸಿಗೆ ನನ್ನ ಸಾಕ್ಷಿಯಿಂದ ಏನಾಗಬೇಕಿದೆ? ಕೆಳಗೆ ಚೀಲ ಬಚ್ಚಲ ಬಾಗಿಲಿಗೆ ಒರಗಿ ಕಾಯುತ್ತಿತ್ತು. ಅದರಲ್ಲಿ ಬರೀ ಹತ್ತಿ ಇಲ್ಲ, ಬಣ್ಣವಿದೆ, ಪಾಲಿಯೆಸ್ಟರ್ ಇದೆ. ಅದು ನನ್ನ ನೆನಪಲ್ಲ, ಕೈ ಹಾಕಿದರೆ ಸಿಗುತ್ತದೆ.

ಇಳಿದು ಬಂದು ಅವ್ವನ ಎದುರು ಕೂತೆ. ಮಗಳು ಓಣಿಯಲ್ಲಿ ಆಡುತ್ತಿದ್ದಾಳೆ ಎಂದು ಮೊದಲು ಖಚಿತ ಮಾಡಿಕೊಂಡೆ.

"ಅವ್ವ, ನಿನ್ನೆ ಅಂದದ್ದು ಬಿಡು. ನನ್ನ ಮಗಳ ಮೈ ಯಾಕ ಹಂಗ ಅದ ನನಗ ಗೊತ್ತಿಲ್ಲ. ನಿನ್ನಿಂದ ಅಂತ ನಾ ಅನ್ನೂದಿಲ್ಲ. ಆದ್ರೂ ಈ ಚಿಂದಿ ಕೂಸಿನ ಹತ್ರ ಸುಡೂದು ಬ್ಯಾಡ."

"ಕಾರಣ?"

"ಹೊಲಸ ಹೊಗಿ. ಅಷ್ಟ."

"ಅಷ್ಟ ಇದ್ರ ನಿನ್ನೇನ ಅನ್ನಾಕ ಏನಾಗಿತ್ತ? ನಡುವ ಡಾಕ್ಟರನ್ನ ಯಾಕ ಎಳದ ತಂದಿ?" ಎಂದು ಅವ್ವ ಎದ್ದಳು. ಚೀಲವನ್ನು ಹಿತ್ತಿಲಿಗೆ ಎಳೆದು ಹಾಕಿದಳು. ಹೊರಸಿನ ಕೆಳಗೆ ಕೆಂಡವನ್ನೂ ಇಡುವುದಿಲ್ಲ, ಆದರೆ ಶಾಖ ಬಿಡುವುದಿಲ್ಲ, ಕಾವಲಿಯ ಮೇಲೆ ಬಟ್ಟೆ ಬಿಸಿ ಮಾಡಿ ಕೊಡುತ್ತೇನೆ, ಅದರಲ್ಲಿ ಬಾಯಿ ಹಾಕಬೇಡ ಎಂದಳು. ಹಾಕುವುದಿಲ್ಲ ಎಂದೆ.

ಮಧ್ಯಾಹ್ನ ಕೂಸು ಬಂತು. ಕೆಂಪಗೆ, ಮುಷ್ಟಿ ಬಿಗಿ ಹಿಡಿದು, ಯಾರ ಮೇಲೋ ಸಿಟ್ಟಾದಂತೆ. ತಮ್ಮನ ಹೆಂಡತಿ ಹೊರಸಿನ ಮೇಲೆ ಮೆಲ್ಲಗೆ ಕೂತು ಕೆಳಗೆ ಬಗ್ಗಿ ನೋಡಿದಳು. "ಕೆಂಡ ಇಡೂದಿಲ್ಲೇನ್ರಿ ಅತ್ತಿ? ಪುಣ್ಯ ಬಂತು. ಹೊಗಿ ಅಂದ್ರ ನನಗ ಮೊದಲಿಂದ ದಮ್ಮ ಹತ್ತತದ." ಆಕೆಯನ್ನು ಒಂದು ಮಾತು ಕೇಳಬಹುದಿತ್ತು ಎಂದು ನನಗೂ ಹೊಳೆದಿರಲಿಲ್ಲ, ಅವ್ವನಿಗೂ ಹೊಳೆದಿರಲಿಲ್ಲ. ಮಗಳು ಕೂಸಿನ ಅಂಗಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಸಂಜೆ ಕಿಟಕಿಯಿಂದ ವಾಸನೆ ಬಂತು. ಪ್ಲಾಸ್ಟಿಕ್ಕಿನ ಹಾಗೆ ಗಂಟಲಿಗೆ ಅಂಟುವ, ನನಗೆ ಚೆನ್ನಾಗಿ ಗೊತ್ತಿರುವ ವಾಸನೆ. ಗೋಡೆಯಾಚೆ, ಪಕ್ಕದ ಮನೆಯ ಬಚ್ಚಲ ಜಾಲರಿಯಿಂದ ಹೊಗೆ ಏಳುತ್ತಿತ್ತು. ಹಿತ್ತಿಲಿಗೆ ಓಡಿದೆ. ಚೀಲ ಇರಲಿಲ್ಲ.

"ಎಸಿಯಾಕ ಮನಸಾಗಲಿಲ್ಲ," ಎಂದಳು ಅವ್ವ. "ಅಳಿಯ ಕಳಿಸಿದ್ದು. ಬಾಜೂ ಮನಿಯಾಕಿ ಕೇಳಿದ್ಲು, ಕೊಟ್ಟೆ. ಆಕಿ ಸೊಸಿಗೂ ದಿನ ತುಂಬ್ಯಾವ. ಬಿಸಿನೀರ ಬೇಕಾಗ್ತದಲ್ಲ."

ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೆ ಕೋಣೆ ಬಿಸಿಯಾಯಿತು, ಕೂಸು ಅಳತೊಡಗಿತು, ಮತ್ತೆ ತೆರೆದೆ. ಚಪ್ಪಲಿ ಮೆಟ್ಟಿದೆ. ಮಗಳೂ ಹಿಂದೆ ಬಂದಳು.

ಪಕ್ಕದ ಮನೆಯಾಕೆ ಅವ್ವನ ವಾರಿಗೆಯವಳು. ನನ್ನ ಬೇಡಿಕೆ ಕೇಳಿ ಸೊಂಟಕ್ಕೆ ಕೈ ಇಟ್ಟುಕೊಂಡಳು. "ಕೊಟ್ಟದ್ದನ್ನ ವಾಪಸ್ ಕೇಳ್ತಾರೇನ ಬಾಯಿ? ಸೊಲ್ಲಾಪುರದ ಸಾವಕಾರ್ತಿ ಆದಿ, ಒಂದು ಚೀಲ ಚಿಂದಿ ಜಡ ಆತೇನ?"

ಕೂಸಿನ ಕೋಣೆಗೆ ಹೊಗೆ ಬರುತ್ತದೆ ಎಂದೆ. ನಿಮ್ಮ ಸೊಸೆಗೂ ಬೇಡ, ಅದರಲ್ಲಿ ಕೆಟ್ಟ ಬಣ್ಣ ಇರುತ್ತದೆ ಎಂದೆ. ಇಷ್ಟು ವರ್ಷ ಇರಲಿಲ್ಲೇನು ಎಂದಳು. ಇತ್ತು ಎಂದೆ. ಆಕೆ ನಕ್ಕು, ಉಳಿದ ಚೀಲವನ್ನು ಕಾಲಿನಿಂದಲೇ ನನ್ನ ಕಡೆ ನೂಕಿದಳು. "ಒಯ್ಯಿ. ನಾಳೆ ಕಟಗಿ ತಂದು ಕೊಡ ಹಂಗಾರ." ಮಗಳನ್ನು ಹತ್ತಿರ ಎಳೆದು ಕೆನ್ನೆ ಸವರಿ ತನ್ನ ಹಣೆಯ ಬದಿಗೆ ಬೆರಳು ಒತ್ತಿ ಲಟಿಕೆ ಮುರಿದು ದೃಷ್ಟಿ ತೆಗೆದಳು. "ಎಷ್ಟ ಗುಂಡಗುಂಡಗ ಆಗ್ಯಾಳ! ಏನ ತಿನಸ್ತಿ ಇಕಿಗೆ?"

ಮಗಳು ನನ್ನನ್ನು ನೋಡಿದಳು, ನಾನು ಏನು ಕಾರಣ ಹೇಳುತ್ತೇನೆ ಎಂದು ಕಾಯುವವಳ ಹಾಗೆ.

"ನಾವು ಉಣ್ಣೂದ," ಎಂದೆ.

ಮರುದಿನ ಕಟ್ಟಿಗೆ ಕೊಡಿಸಿ, ಚೀಲವನ್ನು ಮತ್ತೆ ಡಿಕ್ಕಿಗೆ ಹಾಕಿ ಸೊಲ್ಲಾಪುರಕ್ಕೆ ಹೊರಟೆವು. ಎಂಐಡಿಸಿ ಹತ್ತಿರ ಮಗಳು ಗಾಜು ಇಳಿಸಿದಳು, ನಾನು ಏರಿಸಿದೆ, ಅವಳು ಮತ್ತೆ ಇಳಿಸಿದಳು. ಅಂಗಡಿಗೆ ಮರಳಿಸಿದರೆ ಚೀಲ ಇನ್ನೊಬ್ಬ ಬೀಗರ ಬಂಬಿಗೆ ಹೋಗುತ್ತದೆ. ಕಸದ ಗಾಡಿಗೆ ಹಾಕಿದರೆ ಊರ ಹೊರಗಿನ ರಾಶಿಯಲ್ಲಿ ಅದನ್ನೂ ಯಾರಾದರೂ ಸುಡುತ್ತಾರೆ, ಅಲ್ಲಿಯೂ ಹತ್ತಿರದಲ್ಲಿ ಯಾರದೋ ಹೊರಸು ಇರುತ್ತದೆ. ಅವಳ ಮೈಗೆ ಕಾರಣ ಇನ್ನೂ ನನಗೆ ಗೊತ್ತಿಲ್ಲ. ಈ ವಾರ ಅವಳ ತಟ್ಟೆಯನ್ನು ಕದ್ದು ನೋಡದೆ ಇರಲು ನೋಡಿದೆ. ಎಲ್ಲ ಸಲವೂ ಆಗಲಿಲ್ಲ.

ಚೀಲ ನಮ್ಮ ಮೆಟ್ಟಿಲ ಕೆಳಗಿದೆ. ಇದ್ದರೆ ಅಡ್ಡಿಯಾಗುತ್ತದೆ ಎಂದು ಗಂಡ ದಿನವೂ ಅನ್ನುತ್ತಾನೆ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಮಗಳು ಅದರ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಾಳೆ.