ಮಜಲು ಗದ್ದೆಯ ತೆನೆ

ಉದ್ಯಾವರದಿಂದ ಕಾಪುವಿಗೆ ಹೋಗುವ ಹೆದ್ದಾರಿಯ ಪಡುಬದಿಯಲ್ಲಿ ನಮ್ಮ ಮನೆಯಿತ್ತು. ಮನೆಯೆದುರು ನಮ್ಮದೆನ್ನಲು ಒಂದೇ ಒಂದು ಗದ್ದೆ. ನೀರು ನಿಲ್ಲುವ ತಗ್ಗಿನ ಗದ್ದೆಗೆ ನಮ್ಮ ಕಡೆ ಬೈಲು ಎನ್ನುತ್ತಾರೆ, ಎತ್ತರದ್ದಕ್ಕೆ ಬೆಟ್ಟು. ನಮ್ಮದು ಎರಡರ ನಡುವಿನ ಮಜಲು. ಅಜ್ಜನ ಕಾಲದಿಂದ ನಾವು ಅದರ ಒಕ್ಕಲುಗಳು. ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂದು ಗದ್ದೆ ನಮ್ಮದಾಯಿತು. ಅಪ್ಪ ಇಗರ್ಜಿಯಲ್ಲಿ ಬಲಿಪೂಜೆ ಹೇಳಿಸಿದರು. ಆ ಸಂಜೆ ಅವರು ಬದುವಿನ ಮೇಲೆ ಸುಮ್ಮನೆ ಅತ್ತಿಂದಿತ್ತ ನಡೆದಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನವರ ಹುಟ್ಟುಹಬ್ಬ ಬರುತ್ತದೆ. ನಮಗೆ ಅದೇ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆ ಮನೆಗೆ ಹಂಚುತ್ತಾರೆ. ಮನೆಗೆ ಬಂದು ಅದರ ಕಾಳು ಸುಲಿದು, ಅರೆದು, ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿದ ಮೇಲೆಯೇ ಊಟ. ಇಗರ್ಜಿಗೆ ತೆನೆ ಹೋಗುತ್ತಿದ್ದದ್ದು ನಮ್ಮ ಮಜಲಿನಿಂದ. ಅಮ್ಮನಿಗೆ ಅದೊಂದು ದೊಡ್ಡ ಹೆಮ್ಮೆ. ಹಬ್ಬದ ವಾರ ಆಕೆಯ ನಡಿಗೆಯೇ ಬೇರೆಯಾಗಿರುತ್ತಿತ್ತು.

ಅದೇ ಗದ್ದೆಯಿಂದ ಇನ್ನೊಬ್ಬರೂ ತೆನೆ ಒಯ್ಯುತ್ತಿದ್ದರು. ಕಾಪುವಿನ ಕಡಲ ಬದಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಮೀನು ಮಾರುವ ಹೆಂಗಸು, ನಮಗೆಲ್ಲ ಮೀನಿನಕ್ಕ. ಅವರ ಮನೆಯಲ್ಲೂ ಚೌತಿಯ ಸುಮಾರಿಗೆ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಪದ್ಧತಿ. ಗದ್ದೆ ಇಲ್ಲದವರು ಬೆಳಗಾಗುವ ಹೊತ್ತಿಗೆ ಇನ್ನೊಬ್ಬರ ಗದ್ದೆಯಿಂದ ಒಂದು ಹಿಡಿ ಕೊಯ್ದು ಒಯ್ಯಬಹುದಿತ್ತು. ಕೇಳಬಾರದು, ಕೇಳಿದರೆ ಭಿಕ್ಷೆ. ದುಡ್ಡು ಕೊಡಬಾರದು, ಕೊಟ್ಟರೆ ವ್ಯಾಪಾರ. ಆಕೆ ಕೊಯ್ಯುವಾಗ ಅಪ್ಪ ಅಂಗಳದಲ್ಲೇ ಇರುತ್ತಿದ್ದರು. ಕಂಡೂ ಕಾಣದವರ ಹಾಗೆ ತೆಂಗಿನ ಮರದ ತುದಿ ನೋಡುತ್ತ ಹಲ್ಲುಜ್ಜುತ್ತಿದ್ದರು. ಮಾತೆಗೂ ಮೀನಿನಕ್ಕನ ದೈವಕ್ಕೂ ಒಂದೇ ಗದ್ದೆ ಸಾಕಾಗುತ್ತಿತ್ತು.

ಎಂಬತ್ತರ ದಶಕ ಬಂದಾಗ ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್. ಬಸ್ಸಿನ ಕಿಟಕಿಯಿಂದ ದಿನವೂ ನೋಡುತ್ತಿದ್ದೆ: ಗುಡ್ಡದ ಕೆಂಪು ಮಣ್ಣು ಕಡಿದು ಕಡಿದು ಕಟ್ಟಡಗಳು ಏಳುತ್ತಿದ್ದವು. ಕೊಲ್ಲಿಯ ದುಡ್ಡಿನಲ್ಲಿ ಊರೂರಲ್ಲಿ ಹೊಸ ಮನೆಗಳು. ಎಲ್ಲರೂ ಅದನ್ನು ಅಭಿವೃದ್ಧಿ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಆ ಅಭಿವೃದ್ಧಿಗೆ ಮಣ್ಣು ಎಲ್ಲಿಂದ ಬರುತ್ತದೆ ಎಂದು ಯೋಚಿಸಿದ್ದು ಹಂಚಿನ ಕಾರ್ಖಾನೆಯ ಏಜೆಂಟ ನಮ್ಮ ಜಗಲಿಯಲ್ಲಿ ಕೂತು ಚಾ ಕುಡಿದ ದಿನ. ಅವನಿಗೆ ನಮ್ಮ ಮಜಲಿನ ಆವೆ ಮಣ್ಣು ಬೇಕಿತ್ತು. ನನ್ನ ತಮ್ಮನನ್ನು ಕೊಲ್ಲಿಗೆ ಕಳುಹಿಸಲು ದುಡ್ಡು ಹೊಂದಿಸುತ್ತಿದ್ದ ಅಪ್ಪನಿಗೂ ಅವನು ಬೇಕಾಗಿದ್ದ.

"ಎಂತಕ್ಕೆ ಹೆದರುವುದು?" ಎಂದರು ಅಪ್ಪ. "ಮೇಲಿನ ಮಣ್ಣು ತೆಗೆದರೆ ಗದ್ದೆ ತಗ್ಗಾಗ್ತದೆ. ಮಜಲು ಹೋಗಿ ಬೈಲು ಆಗ್ತದೆ. ನೀರು ನಿಲ್ತದೆ, ವರ್ಷಕ್ಕೆ ಮೂರು ಬೆಳೆ ತೆಗೀಬಹುದು."

"ಅವರು ಎಷ್ಟು ಆಳ ತೆಗೀತಾರೆ ಅಂತ ನಿಮಗೆ ಗೊತ್ತುಂಟಾ ಪಪ್ಪಾ?"

"ಮಣಿಪಾಲದಲ್ಲಿ ಟೈಪ್ ಮಾಡುವವಳು ನನಗೆ ಗದ್ದೆ ಕಲಿಸ್ಬೇಡ."

ನನಗೆ ಮೈಯೆಲ್ಲ ಉರಿಯಿತು. ಒಕ್ಕಲಾಗಿದ್ದಾಗ ಒಂದು ಬುಟ್ಟಿ ಮಣ್ಣನ್ನೂ ಆ ಗದ್ದೆಯಿಂದ ಹೊರಗೆ ಹೋಗಲು ಬಿಟ್ಟವರಲ್ಲ ಅಪ್ಪ. ಮಳೆಗೆ ಬದು ಒಡೆದರೆ ನೆನೆಯುತ್ತಲೇ ಓಡುತ್ತಿದ್ದರು. ಒಡೆಯರಾದ ಮೇಲೆ ಮಣ್ಣನ್ನು ಮಾರುವ ಹಕ್ಕೂ ತಮ್ಮದೇ ಎಂದು ಅವರಿಗೆ ಅನಿಸಿತ್ತು. ಕಾನೂನು ಗದ್ದೆ ಕೊಟ್ಟಿದ್ದು ನ್ಯಾಯವೇ. ಆ ನ್ಯಾಯಕ್ಕಾಗಿ ಮೊಣಕಾಲೂರಿ ದೇವರಿಗೆ ವಂದಿಸಿದವರು ನಾವೇ. ಆಮೇಲೆ ನಾವು ಏನಾಗಿಬಿಟ್ಟೆವು ಎಂಬುದು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ಅಪ್ಪ ಪಾದ್ರಿಗಳ ಮಾತು ಮೀರುವವರಲ್ಲ. ಹಾಗಾಗಿ ನಾನು ಇಗರ್ಜಿಗೆ ಹೋದೆ.

"ಫಾದರ್, ತೆನೆ ಬರುವ ಗದ್ದೆ ಅದು. ನೀವೊಂದು ಮಾತು ಹೇಳಿ."

ಅವರು ಒಳ್ಳೆಯವರು. ನನ್ನನ್ನು ಕೂರಿಸಿ ಹೇಳಿದರು, "ಅದು ನಿಮ್ಮ ಮನೆಯ ವಿಷಯ ಅಲ್ವಾ? ಇಗರ್ಜಿಯ ಮಾಡಿಗೂ ಆ ಕಾರ್ಖಾನೆಯಿಂದಲೇ ಹಂಚು ಬರ್ಬೇಕು. ಮತ್ತೆ ನಾವು ಕ್ರೈಸ್ತರು ಇಲ್ಲಿ ನಾಲ್ಕು ಮನೆಯವರು. ಯಾರ ಬಾಯಿಗೂ ಬೀಳುವುದು ಬೇಡ."

ನಾಲ್ಕು ಮನೆಯವರು! ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು. ತುರ್ತುಪರಿಸ್ಥಿತಿಯಲ್ಲಿ ಪೇಪರು ಓದಿ ಮಡಚಿಟ್ಟು ಸುಮ್ಮನಾದದ್ದು ಇದೇ ಕಾರಣಕ್ಕೆ. ಚುನಾವಣೆ ಬಂದಾಗ ಜಗಲಿಗೆ ಬಂದ ಎಲ್ಲ ಪಕ್ಷದವರಿಗೂ ಶರಬತ್ತು ಕೊಟ್ಟು ತಲೆಯಾಡಿಸಿದ್ದೂ ಇದೇ ಕಾರಣಕ್ಕೆ. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಕಾಯಲಿಕ್ಕೆ ಎಂದು ಚಿಕ್ಕಂದಿನಲ್ಲೇ ನಮಗೆ ಬಾಯಿಪಾಠ ಮಾಡಿಸಿದ್ದರು. ಕಾಯುವವನು ಒಮ್ಮೊಮ್ಮೆ ಬಾಯಿ ಬಿಡಬೇಕಾಗುತ್ತದೆ ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ನಾನು ಸಿಟ್ಟಿನಲ್ಲಿ ಆಶೀರ್ವಾದವನ್ನೂ ಪಡೆಯದೆ ಎದ್ದು ಬಂದೆ.

ಏಪ್ರಿಲಿನಲ್ಲಿ ಲಾರಿಗಳು ಬಂದವು. ಬೂತಾಯಿ ಮಾರಲು ಬಂದ ಮೀನಿನಕ್ಕ ಬುಟ್ಟಿ ಇಳಿಸಿ ನೋಡುತ್ತ ನಿಂತರು. ಅಪ್ಪ ಅವರಿಗೂ ಬೈಲಿನ ಕಥೆ ಹೇಳಿದರು. "ಹಾಗಾದರೆ ಒಳ್ಳೆಯದೇ ಆಯ್ತು," ಎಂದು ಆಕೆ ನಂಬಿಕೊಂಡು ಹೋದರು. ಕಾರ್ಖಾನೆಯವರು ಮಾತಾದದ್ದಕ್ಕಿಂತ ಹೆಚ್ಚು ಆಳ ತೋಡಿದರು. ಅಪ್ಪ ಕೂಗಾಡಿದರು, ಕೇಳುವವರಿರಲಿಲ್ಲ. ಮಳೆ ಬಂದಾಗ ಗದ್ದೆ ಕೆರೆಯಾಯಿತು. ಹತ್ತಿರದ ಹೊಳೆಯ ಉಪ್ಪುನೀರು ಅಡಿಯಿಂದ ಒಸರಿ ಸುತ್ತಲಿನವರು ನೆಟ್ಟ ನೇಜಿಯೂ ಕೊಳೆಯಿತು. ಅವರು ನಮ್ಮೊಡನೆ ಮಾತು ಬಿಟ್ಟರು. ಅಪ್ಪ ಜಗಲಿಯಲ್ಲಿ ಗದ್ದೆಗೆ ಬೆನ್ನು ಹಾಕಿ ಕೂರಲು ಶುರುಮಾಡಿದರು.

ಆ ವರ್ಷವೂ ಇಗರ್ಜಿಗೆ ತೆನೆ ಬೇಕಲ್ಲ. ಅಪ್ಪ ಕಾರ್ಕಳದ ಬಸ್ಸು ಹಿಡಿದು ಕುಕ್ಕುಂದೂರಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೋಗಿ, ತೆನೆಯ ಕಂತೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರು. ಮಾರನೆಯ ಬೆಳಿಗ್ಗೆ ಮೀನಿನಕ್ಕ ಕತ್ತಿ ಹಿಡಿದು ಬಂದರು. ಮಳೆಗಾಲದಲ್ಲಿ ಕಡಲಿಗೆ ಇಳಿಯುವವರಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಆಕೆ ನಮ್ಮ ಕಡೆ ಬಂದಿರಲಿಲ್ಲ. ಹೊಂಡದ ದಂಡೆಯಲ್ಲಿ ತುಂಬ ಹೊತ್ತು ನಿಂತು, ಆಮೇಲೆ ಅಂಗಳಕ್ಕೆ ಬಂದರು.

"ಬೈಲು ಆಗ್ತದೆ ಅಂತ ಹೇಳಿದ್ದಿರಲ್ವಾ ಪೊರ್ಬುಗಳೇ?" ನಮ್ಮ ಗಂಡಸರನ್ನು ಅವರ ಕಡೆಯವರು ಕರೆಯುವುದು ಹಾಗೆ.

ಅಪ್ಪ ಒಳಗೆ ಹೋಗಿ ಒಂದು ಕಟ್ಟು ತೆನೆ ತಂದು ಎರಡೂ ಕೈಯಲ್ಲಿ ಚಾಚಿದರು. "ತಕ್ಕೊಳ್ಳಿ. ನನ್ನ ಅಕ್ಕನ ಗದ್ದೆಯದ್ದು."

"ಕೈಯಲ್ಲಿ ಕೊಟ್ಟದ್ದು ಆಗುವುದಿಲ್ಲ. ನಿಮಗೆ ಗೊತ್ತುಂಟಲ್ಲ." ಆಕೆ ಅಮ್ಮನ ಕಡೆ ತಿರುಗಿದರು. "ಹೋಗಿ ಬರ್ತೇನೆ ಬಾಯಮ್ಮ. ಎಲ್ಲಿಯಾದರೂ ನೋಡ್ತೇನೆ."

ಒಂದು ಬೈಗುಳವಾದರೂ ಬರಬಾರದಿತ್ತೇ ಅನಿಸಿತು ನನಗೆ. ಸುತ್ತಲಿನ ಗದ್ದೆಗಳಲ್ಲೂ ತೆನೆಯಿಲ್ಲ ಎಂದು ಗೊತ್ತಿದ್ದ ಅಪ್ಪ ಆ ಕಟ್ಟನ್ನು ಹಿಡಿದುಕೊಂಡೇ ಆಕೆ ಹೆದ್ದಾರಿ ಸೇರುವವರೆಗೆ ನೋಡುತ್ತಿದ್ದರು.

ಮರುದಿನ ಹಬ್ಬ. ಬಾಳೆಲೆ ಹಾಕಿ ಎಲ್ಲರೂ ಕೂತೆವು. ಅಮ್ಮ ತೆನೆಹಾಲಿನ ಲೋಟ ಹಿಡಿದು ಕಾದಳು. ಮನೆಯ ಹಿರಿಯರಾಗಿ ಪ್ರಾರ್ಥನೆ ಹೇಳಬೇಕಾದವರು ಅಪ್ಪ. "ನಮ್ಮ ಈ ಗದ್ದೆಯಲ್ಲಿ ನೀನು ಕೊಟ್ಟ..." ಎಂದು ಅಭ್ಯಾಸದಿಂದ ಶುರುಮಾಡಿ ಅಲ್ಲಿಗೇ ನಿಂತರು.

"ಹೇಳಿ," ಎಂದಳು ಅಮ್ಮ. "ದೇವರಿಗೆ ಗೊತ್ತಿಲ್ಲದ್ದು ಎಂತ ಉಂಟು? ಹೇಳಿ."

"ಕುಕ್ಕುಂದೂರಿನ ಗದ್ದೆಯಲ್ಲಿ ನೀನು ಕೊಟ್ಟ ಬೆಳೆಗಾಗಿ," ಎಂದು ಅಪ್ಪ ಹೇಗೋ ಮುಗಿಸಿದರು. ಶಿಲುಬೆಯ ಗುರುತು ಹಾಕಲು ಎತ್ತಿದ ಕೈ ಹಣೆಯ ಹತ್ತಿರವೇ ನಿಂತಿತು. ಅವರು ನನ್ನತ್ತ ನೋಡಿ, ಮೀನಿನಕ್ಕನಿಗೆ ತೆನೆ ಸಿಕ್ಕಿತಾ ಎಂದು ಕೇಳಿದರು.