ಗಾಜಿನ ತೊಟ್ಟಿಗೆ ಬಿದ್ದ ಹಿಡಿ ಉಪ್ಪು

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಸಾಹುಕಾರರು ಬದುಕಿದ್ದಾರೆ ಎಂಬ ನೆಪ ಮೊದಲು ಇತ್ತು. ಅವರು ಹೋದ ಮೇಲೆ, ನನ್ನ ಹೆಂಡತಿ ನನ್ನನ್ನು ಹೇಗೆ ಕಂಡಾಳೋ ಎಂಬ ನೆಪ. ಈಗ ಅವಳೂ ಇಲ್ಲ. ಕೈ ನಡುಗುತ್ತದೆ ಎಂಬ ನೆಪವೊಂದು ಉಳಿದಿದೆ, ಅದು ಹೆಚ್ಚು ದಿನ ನಡೆಯುವಂಥದ್ದಲ್ಲ.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಹೈಸ್ಕೂಲು ಮುಗಿಸಿದ ನಾನು ಮಧುಗಿರಿಯಲ್ಲಿ ಒಬ್ಬ ಸಾಹುಕಾರರ ಮನೆಯಲ್ಲಿದ್ದುಕೊಂಡು ಅವರ ಕಾಗದಪತ್ರ ಬರೆಯುತ್ತಿದ್ದೆ. ಅವರ ತಾಯಿ ಸೊಂಟ ಮುರಿದುಕೊಂಡು ಪಡಸಾಲೆಯ ಮಂಚ ಹಿಡಿದಿದ್ದರು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಗಾಜಿನ ತೊಟ್ಟಿಯೊಳಗೆ ಮೀನು ಆಡುವುದನ್ನು ಕಂಡು ಬಂದ ಸಾಹುಕಾರರು, ಅಂಥದೇ ಒಂದನ್ನು ಬೆಂಗಳೂರಿನಿಂದ ತರಿಸಿ ತಾಯಿಯ ಮಂಚದ ಎದುರಿಗೆ ಇರಿಸಿದರು. ಒಳಗೆ ಆರು ಹೊನ್ನಿನ ಬಣ್ಣದ ಮೀನು.

ಲಿಂಗಪೂಜೆಯ ಮನೆಯಲ್ಲಿ ಮೀನು! ಊರಿಗೆ ಅದೇ ಮಾತಾಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರೋ ಅಂದದ್ದು ನೆನಪಿದೆ: "ಮೀನಾಗಿ ಹುಟ್ಟಿದ್ರೆ ಇವ್ರ ಮನೇಲೇ ಹುಟ್ಬೇಕು ಕಣ್ಲಾ. ನಮ್ಮನೇಲಿ ಬಾಣಲೆ, ಅಲ್ಲಿ ಗಾಜಿನರಮನೆ!"

ನಾನು ಸೈನ್ಸ್ ಓದಿದವನೆಂದು ತೊಟ್ಟಿಯ ಉಸ್ತುವಾರಿ ನನಗೆ ಬಂತು. ನೀರು ಹೊತ್ತು ತರುತ್ತಿದ್ದವಳು ಮಾತ್ರ ಮನೆಯ ಕಸಮುಸುರೆಯ ಹೆಂಗಸು. ಚನ್ನರಾಯನದುರ್ಗದವಳು. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿ, ಅಲ್ಲಿ ಅತ್ತಿಗೆಯ ಮಾತು ತಾಳಲಾರದೆ ಇಲ್ಲಿಗೆ ಬಂದಿದ್ದಳು. ಕೊಟ್ಟಿಗೆಯ ಪಕ್ಕದ ಒಂದು ಕತ್ತಲೆ ಕೋಣೆಯೇ ಅವಳ ಮನೆ. "ಈ ಮೂಲೆ ಒಂದಿದ್ರೆ ಸಾಕು ಕಣಪ್ಪ, ಆ ಮನೆ ಹೊಸ್ಲು ಮಾತ್ರ ತಿರ್ಗಾ ತುಳಿಯೋ ಹಂಗಾಗ್ಬಾರ್ದು" ಎನ್ನುತ್ತಿದ್ದಳು. ನನಗೆ ಒಡಹುಟ್ಟಿದವರಿರಲಿಲ್ಲ. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ.

ಒಮ್ಮೆ ಕೆಲಸದ ಮೇಲೆ ಸಿರಾಕ್ಕೆ ಹೋದವನು ಅಲ್ಲಿಯ ಕೆರೆಯಂಗಳದಲ್ಲಿ ಬಲೆ ಕೊಡವುತ್ತಿದ್ದವನನ್ನು ಕಂಡೆ. ಬೆಳ್ಳಿಯ ಚೂರಿನಂಥ ಮರಿಮೀನುಗಳು. ಮೂರನ್ನು ಬೇಡಿ, ಕೆರೆಯ ನೀರಿನ ಸಮೇತ ಚೊಂಬಿನಲ್ಲಿ ತಂದೆ. ಮಂಚದ ಮೇಲಿನ ಅಜ್ಜಿಗೆ ತೋರಿಸಿ ಶಭಾಷ್ ಅನ್ನಿಸಿಕೊಳ್ಳುವ ಆತುರ. ಸೀದಾ ತೊಟ್ಟಿಗೆ ಸುರಿಯಹೊರಟಾಗ ಅಕ್ಕ ಪೊರಕೆ ಹಿಡಿದು ನಿಂತಿದ್ದಳು.

"ಹೊಸ ಎಮ್ಮೆ ತಂದ್ರೂ ಒಂದಷ್ಟು ದಿನ ಬ್ಯಾರೆ ಕಟ್ತೀವಲ್ಲಪ್ಪ. ಇವನ್ನ ತಪ್ಪಲೇಲಿ ಇಟ್ಟು ನೋಡ್ಬಾರ್ದಾ?"

"ಎಮ್ಮೆಗೂ ಮೀನಿಗೂ ಏನಕ್ಕ ಸಂಬಂಧ? ನೀನೇನು ಸೈನ್ಸ್ ಓದಿದ್ದೀಯಾ?"

"ನಾನೂ ಓದ್ಬುಟ್ಟಿದ್ರೆ ನಿನ್ ಎಂಜಲು ತಟ್ಟೆ ಯಾರಪ್ಪ ತೊಳ್ಯೋರು?" ಎಂದು ನಕ್ಕು ಗುಡಿಸತೊಡಗಿದಳು. ನಾನು ಚೊಂಬು ಬಗ್ಗಿಸಿದೆ.

ವಾರ ಕಳೆಯಿತು. ಹೊನ್ನಿನ ಮೀನುಗಳ ರೆಕ್ಕೆಯ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಅವು ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದವು. ಅಜ್ಜಿ ಮಂಚದಿಂದ ಕೂಗಿದರು: "ಅಯ್ಯೋ, ಅವಕ್ಕೆ ನವೆ ಕಣ್ರೋ, ಯಾರಾದ್ರೂ ನೋಡ್ರೋ!"

ನಮ್ಮ ಕಡೆ ಮೈಮೇಲೆ ನರಹುಲಿ ಎದ್ದರೆ ಸಿದ್ದರಬೆಟ್ಟಕ್ಕೆ ಹರಕೆ ಹೊತ್ತು ನೀರಿಗೆ ಉಪ್ಪು ಹಾಕುತ್ತಾರೆ. ಉಪ್ಪು ಕರಗಿದ ಹಾಗೆ ನರಹುಲಿ ಕರಗುತ್ತದೆಂಬ ನಂಬಿಕೆ. ಅಕ್ಕ ಚುಕ್ಕೆಗಳನ್ನು ನರಹುಲಿಯೆಂದೇ ತಿಳಿದಳು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು, ಒಂದು ಹಿಡಿ ಕಲ್ಲುಪ್ಪನ್ನು ತೊಟ್ಟಿಯ ಸುತ್ತ ಮೂರು ಸಲ ನಿವಾಳಿಸಿ ನೀರಿಗೆ ಬಿಟ್ಟಳು. ನಾನು ಕಂಬಕ್ಕೆ ಒರಗಿ ನೋಡಿದೆ, ಮನಸ್ಸಿನಲ್ಲೇ ನಕ್ಕೆ.

ನನ್ನ ಸೈನ್ಸ್ ಇದ್ದದ್ದು ಬೇರೆ ಕಡೆ. ಕಾಲರಾ ಬಂದಾಗ ಬಾವಿಗೆ ಹಾಕಲು ತಂದ ಕೆಂಪು ಪುಡಿ, ಪರ್ಮಾಂಗನೇಟು, ಉಗ್ರಾಣದಲ್ಲಿ ಉಳಿದಿತ್ತು. ಮಧ್ಯಾಹ್ನ ಅಜ್ಜಿಗೆ ಜೋಂಪು ಹತ್ತಿದಾಗ, ಅಕ್ಕ ಬಟ್ಟೆ ಒಗೆಯಲು ಹೋಗಿದ್ದಾಗ, ಅಳತೆಯಿಲ್ಲದೆ ಬೆರಳಲ್ಲೇ ಎತ್ತಿ ತೊಟ್ಟಿಗೆ ಉದುರಿಸಿದೆ. ನೀರು ನೇರಳೆ ಹಣ್ಣು ಹಿಂಡಿದಂತಾಯಿತು. ಒಳಗೆ ಏನೂ ಕಾಣಿಸಲಿಲ್ಲ. ಬಾಲಗಳು ಗಾಜಿಗೆ ಬಡಿಯುವುದಷ್ಟೇ ಕೇಳಿಸುತ್ತಿತ್ತು. ಗಾಬರಿಯಲ್ಲಿ ಬಕೆಟ್ಟಿನಿಂದ ಮೊಗೆಮೊಗೆದು ಹಿತ್ತಲಿಗೆ ಚೆಲ್ಲಿ ಹೊಸ ನೀರು ತುಂಬಿದೆ. ಅಷ್ಟರಲ್ಲಿ ಒಂಬತ್ತೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಸಾಹುಕಾರರು ಬಂದರು. ಅಜ್ಜಿ ಎಚ್ಚರಗೊಂಡು ಎದೆ ಬಡಿದುಕೊಳ್ಳುತ್ತಿದ್ದರು. "ಯಾರಯ್ಯಾ ಏನು ಮಾಡಿದ್ದು?" ಎಂದು ಸಾಹುಕಾರರು ಕೇಳಿದಾಗ ತೊಟ್ಟಿಯ ಅಂಚಿನಲ್ಲಿ ಎರಡು ಹರಳು ಉಪ್ಪು ಇನ್ನೂ ಅಂಟಿಕೊಂಡಿತ್ತು. ನಾನು ಅದನ್ನು ತೋರಿಸಿದೆ.

"ಬೆಳಿಗ್ಗೆ ಉಪ್ಪು ಹಾಕಿದ್ದಾಳೆ. ಸಿಹಿನೀರಿನ ಮೀನು ಅಲ್ಲವೇ ಸ್ವಾಮಿ."

ಒದ್ದೆ ಬಟ್ಟೆಯ ಹೊರೆ ಹೊತ್ತು ಅವಳು ಒಳಗೆ ಬಂದದ್ದೇ ಆಗ. "ಉಪ್ಪು ಹಾಕಿದ್ಯೇನೇ?" ಎಂದು ಕೇಳಿದರು. "ಹಾಕ್ದೆ ಬುದ್ದಿ, ವಾಸಿಯಾಗ್ಲಿ ಅಂತ" ಎಂದಳು. ಆಮೇಲೆ ತೊಟ್ಟಿಯತ್ತ ನೋಡಿದಳು. ಹೊರೆಯನ್ನು ಇಳಿಸುವುದನ್ನೂ ಮರೆತು ನಿಂತೇ ಇದ್ದಳು. "ನಾನು ಸಾಯ್ಸ್ಬುಟ್ನಾ?" ಎಂದು ಅವಳು ಕೇಳಿದ್ದು ಸಾಹುಕಾರರನ್ನಲ್ಲ, ನನ್ನನ್ನು. ಓದಿದವನು ನಾನಲ್ಲವೇ? ನಾನು ಹೌದೆಂದು ತಲೆಯಾಡಿಸಿದೆ.

ಸಾಹುಕಾರರು ಅವಳನ್ನು ಕೆಲಸದಿಂದ ಬಿಡಿಸಿದರು. ಮರುದಿನ ಅವಳು ಗಂಟು ಕಟ್ಟಿದಳು. ಪರ್ಮಾಂಗನೇಟು ಹಿಡಿದ ನನ್ನ ಬೆರಳು ಕಂದು ಬಣ್ಣಕ್ಕೆ ತಿರುಗಿತ್ತು. ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರೂ ಅವಳ ಕಣ್ಣಿಗೆ ಬಿತ್ತು.

"ಅದೇನಪ್ಪ ಕೈಗೆ? ನಿಂಬೆಹಣ್ಣು ಉಜ್ಜು, ಓಯ್ತದೆ" ಎಂದಳು. ಅಷ್ಟೇ. ಬಾಗಿಲು ದಾಟಿ ಹೋದಳು. ನಿಂಬೆಹಣ್ಣು ಉಜ್ಜಿದೆ, ಹೋಯಿತು.

ತೊಟ್ಟಿಯನ್ನು ಮತ್ತೆ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂತು. ನೀರಿನ ಗಿಡಗಳನ್ನು ಕಿತ್ತು ಸುಟ್ಟೆ. ಮರಳನ್ನು ಹಂಡೆಯಲ್ಲಿ ಕುದಿಸಿದೆ, ಬೆಣಚುಕಲ್ಲುಗಳನ್ನು ಒಂದೊಂದಾಗಿ ಉಜ್ಜಿದೆ. ಗಾಜಿಗೆ ಸುಣ್ಣದ ತಿಳಿ ಬಳಿದು, ತೊಳೆದು, ಅಂಗಳದ ಬಿಸಿಲಿಗೆ ಬೋರಲು ಹಾಕಿದೆ. ಬಿಸಿಲಿಗೆ ಗಾಜು ಕೂಡಿಸಿದ ಮೂಲೆಯ ಮೆತ್ತು ಬಿರಿಯಿತು, ಹೊಸದು ಹಚ್ಚಿದೆ. ಹಗಲೆಲ್ಲ ಹೀಗೆ ಬಗ್ಗಿ ಉಜ್ಜುತ್ತಿರುವಾಗ ಕೊಟ್ಟಿಗೆಯ ಪಕ್ಕದ ಅವಳ ಕೋಣೆಯ ಬೀಗ ಕಣ್ಣಿಗೆ ಬೀಳುತ್ತಿತ್ತು. ಆ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ.

ಹೊಸ ಮೀನು ತರಲು ನಾನೇ ಬೆಂಗಳೂರಿಗೆ ಹೋದೆ. ಮಾರುವವನೊಬ್ಬ ಮುದುಕ. ಹಳೆಯ ಮೀನು ಹೇಗೆ ಸತ್ತವೆಂದು ಕೇಳಿದ. ಊರಲ್ಲಿ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ.

"ಕೆರೆ ಮೀನು ಬೆರೆಸಿದಿರಾ? ರೋಗ ಅಲ್ಲಿಂದಲೇ ಬಂತು ಸ್ವಾಮಿ. ಆಮೇಲೆ ಕೆಂಪು ಪುಡಿ ಬೇರೆ! ವಿಷ ಹಾಕಿ ಸಾಯಿಸಿದ್ರಿ. ಒಂದು ಹಿಡಿ ಕಲ್ಲುಪ್ಪು ಹಾಕಿ ಸುಮ್ಮನಿದ್ದಿದ್ದರೆ ಬದುಕ್ಕೊತಿದ್ವು."

ಬಸ್ಸಿನಲ್ಲಿ ಮಡಿಲಲ್ಲಿ ಮಡಕೆ ಇಟ್ಟುಕೊಂಡು ಬಂದೆ. ಈ ಸಲ ಮೀನುಗಳನ್ನು ತಪ್ಪಲೆಯಲ್ಲಿ ಬೇರೆ ಇಟ್ಟೆ. ಒಂದರ ಮೈಮೇಲೆ ಚುಕ್ಕೆ ಎದ್ದವು. ಯಾರೂ ಇಲ್ಲದಾಗ ಅಡಿಗೆಮನೆಯಿಂದ ಉಪ್ಪು ತಂದು ಹಾಕಿದೆ. ಕೆಲವು ದಿನಕ್ಕೆ ಚುಕ್ಕೆಗಳು ಉದುರಿಹೋದವು. ತೊಟ್ಟಿ ಮತ್ತೆ ತುಂಬಿತು, ಅಜ್ಜಿ ಕೈಮುಗಿದರು, ಸಾಹುಕಾರರು ಬಂದವರಿಗೆಲ್ಲ "ಇವನ ಕೈಗುಣ" ಎಂದು ತೋರಿಸಿದರು.

ವರ್ಷದ ನಂತರ ಚನ್ನರಾಯನದುರ್ಗಕ್ಕೆ ಹೋಗಬೇಕಾಯಿತು. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಅವಳ ಅಣ್ಣನ ಮನೆಗೆ ಹೋದೆ. ಇಳಿದುಹೋಗಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಮುದ್ದೆ, ಹುರುಳಿ ಸಾರು ಬಡಿಸಿದಳು. ಅವಳು ತನಗೆ ಬೇರೆ ಕುಡಿಕೆಯಿಂದ ಬಡಿಸಿಕೊಂಡಾಗ ಒಳಗಿಂದ ಅತ್ತಿಗೆಯ ದನಿ ಬಂತು.

"ಉಪ್ಪುಣ್ಣದ ದೊರೆಸಾನಿ ಕಣಪ್ಪ! ಇವ್ಳಿಗೇಂತ ದಿನಾ ಬ್ಯಾರೆ ಕುಡಿಕೆ ಇಕ್ಬೇಕು ನಾನು."

ನಾನು ಅಕ್ಕನ ಮುಖ ನೋಡಿದೆ.

"ಒಂಬತ್ತು ಜೀವ ಕಣಪ್ಪ" ಎಂದಳು ಮೆಲ್ಲಗೆ. "ಸಿದ್ದರಬೆಟ್ಟಕ್ಕೋಗಿ ತಪ್ಪಾಯ್ತು ಅಂತ ಅಡ್ಡಬಿದ್ದೆ. ಸಮಾಧಾನ ಆಗ್ಲಿಲ್ಲ. ಸಾಯ್ಸಿದ್ದು ಉಪ್ಪಲ್ವಾ, ಅದನ್ನೇ ಬುಟ್ಬುಟ್ಟೆ. ಈಗಿನವು ಚೆಂದಾಗವಾ?"

"ಚೆನ್ನಾಗಿವೆ ಅಕ್ಕ."

"ಅಜ್ಜಿ ನೋಡ್ತಾರಾ?"

"ನೋಡ್ತಾರೆ."

"ಅಷ್ಟಾದ್ರೆ ಸಾಕು ಬುಡು" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಹದವಾಗಿ ಉಪ್ಪು ಬಿದ್ದ ಸಾರು. ನಾನು ಅದನ್ನು ಪೂರ್ತಿ ಉಂಡೆ. ಕೈ ತೊಳೆದು ಎದ್ದು ಬಂದೆ.

ಮೂರ್ನಾಲ್ಕು ವರ್ಷದ ಮೇಲೆ ಅವಳ ಅಣ್ಣ ಸಂತೆಯಲ್ಲಿ ಸಿಕ್ಕಿ, ತೀರಿಕೊಂಡಳೆಂದು ಹೇಳಿದ. "ಜ್ವರದಾಗೆ ಗಂಜಿಗೆ ಒಂದು ಹರಳು ಉಪ್ಪು ಹಾಕಿದ್ವಿ. ಗೊತ್ತಾಗಿ ಉಗುಳ್ಬುಟ್ಲು ಸ್ವಾಮಿ."

ಈ ಬಾಳಿನಲ್ಲಿ ಹಲವರಿಗೆ ಹಲವು ತಪ್ಪು ಮಾಡಿದ್ದೇನೆ, ಬಹುಪಾಲು ಕ್ಷಮೆ ಕೇಳಿ ತೀರಿಸಿಕೊಂಡಿದ್ದೇನೆ. ಕೇಳದೆ ಉಳಿದವಳು ಮಧುಗಿರಿಯ ಆ ಮನೆಯಲ್ಲಿ ಕಸಮುಸುರೆ ಮಾಡಿಕೊಂಡಿದ್ದವಳು, ಚನ್ನರಾಯನದುರ್ಗದವಳು, ನನ್ನ ಅಕ್ಕ.