ದ್ರಾಕ್ಷಿಯ ಮೇಲೆ ನಿಂತ ಹನಿ

ಸಮಸ್ತ ಮಾನಿಟರುಗಳ ಮುಂದೆ ಬೆನ್ನು ಬಾಗಿಸಿ ಕುಳಿತ ಮಹಾಜನರೇ,
ಕಂಪ್ಯೂಟರು ಚಿತ್ರ ರೆಂಡರ್ ಮಾಡಿ ಮುಗಿಸುವುದನ್ನು ಕಾಯುತ್ತಲೇ ಮುಪ್ಪಾದ ತಪಸ್ವಿಗಳೇ,
ನಾಸಿಕ್ ಕನ್ನಡಿಗರ ಗ್ರೂಪಿನ ಘನ ಸದಸ್ಯರೇ...

ಮಲ್ಲಣ್ಣ ಇಲ್ಲ.

ನಾನು ಹಾಕಿದ ಪೋಸ್ಟ್ ಅಂತ ನಗಬೇಡಿ.
ಈ ಸಲ ಚೇಷ್ಟೆ ಅಲ್ಲ...
ನನಗೂ ನಂಬಿಕೆ ಬರದೆ ಎರಡು ಸಲ ಫೋನ್ ಮಾಡಿ ಕೇಳಿದೆ.
ಇವತ್ತು ಬೆಳಿಗ್ಗೆ, ಸಂಭಾಜಿನಗರದ ಮನೆಯಲ್ಲಿ... ಹಾರ್ಟ್ ಅಟ್ಯಾಕ್.
ಚಹಾದ ಕಪ್ ಇನ್ನೂ ಕೈಯಲ್ಲೇ ಇತ್ತಂತೆ.

ಜಾಹೀರಾತಿಗೆ ಗ್ರಾಫಿಕ್ಸ್ ಮಾಡುವ, ನಾಸಿಕ್‌ನ ನಮ್ಮ ಪುಟ್ಟ ಆಫೀಸಿನಲ್ಲಿ ಮಲ್ಲಣ್ಣನದು ನೀರಿನ ಕೆಲಸ.
ಗಾಜಿನ ಮೇಲೆ, ಎಲೆಯ ಮೇಲೆ, ಕಾರಿನ ಬಾನೆಟ್ ಮೇಲೆ...
ಹನಿ ಹೇಗೆ ಕೂರಬೇಕು, ಯಾವಾಗ ಜಾರಬೇಕು ಎಂದು ಕಂಪ್ಯೂಟರಿಗೆ ಕಲಿಸುವುದು.
ಅವರ ಅವ್ವ ವಿಜಯಪುರದಿಂದ ಸಂಭಾಜಿನಗರಕ್ಕೆ ಕಟ್ಟಡದ ಕೆಲಸಕ್ಕೆ ಬಂದವರು. ಹೊಸ ಗೋಡೆಗಳಿಗೆ ಪೈಪ್ ಹಿಡಿದು ನೀರು ಹೊಡೆಯುತ್ತಿದ್ದರು. ಆ ಒದ್ದೆ ಗೋಡೆಗಳನ್ನು ನೋಡುತ್ತಲೇ ಇವರು ಬೆಳೆದದ್ದು.
“ನೀರು ಸುಮ್ನ ಜಾರೂದಿಲ್ಲಲೇ. ಮೊದ್ಲ ಅಂಜತದ, ಆಮ್ಯಾಲೆ ಓಡತದ,” ಎನ್ನುತ್ತಿದ್ದರು.

ಮೂರು ವಾರದಿಂದ ಇಲ್ಲೇ ಪಕ್ಕದ ನಿಫಾಡ್‌ನ ದ್ರಾಕ್ಷಿಯ ಜಾಹೀರಾತು.
ದ್ರಾಕ್ಷಿಯ ಮೇಲೆ ಒಂದು ಹನಿ ನಿಲ್ಲಬೇಕು. ಅಷ್ಟೇ.
ಕಂಪ್ಯೂಟರಿನಲ್ಲಿ ಹನಿಯ ಅಂಟು ಕಡಿಮೆ ಮಾಡಿದರೆ ಜಾರಿ ಹೋಗುತ್ತಿತ್ತು... ಹೆಚ್ಚು ಮಾಡಿದರೆ ಜೆಲ್ಲಿ!

ಮಲ್ಲಣ್ಣಾ...
“ಹನಿ ಇನ್ನೂ ಸ್ವಲ್ಪ ಮರಾಠಿಯಾಗಿ ಕಾಣಲಿ” ಎಂದು ಕ್ಲೈಂಟ್ ಹೆಸರಲ್ಲಿ ಮೇಲ್ ಕಳಿಸಿದ್ದು ನಾನೇ ಎಂದು ನಿಮಗೆ ಗೊತ್ತಾಗಿತ್ತು.
“ಮಂಗ್ಯಾ” ಎಂದು ಬೈದು, ನಿಮ್ಮ ಚಹಾದಲ್ಲಿ ಅರ್ಧ ಕೊಟ್ಟಿರಿ.
ನಿನ್ನೆ ಸಂಜೆ ಬ್ಯಾಗ್ ಹೆಗಲಿಗೇರಿಸಿ ಮನೆಗೆ ಹೋಗುವ ಬಸ್ಸಿಗೆ ಹೊರಟವರು, ಬಾಗಿಲಲ್ಲಿ ತಿರುಗಿ ನಿಮ್ಮ ಸ್ಕ್ರೀನ್ ನೋಡಿದಿರಿ.
“ನಿಂತದಲೇ ಕಡೀಕೂ!”
ನೀವು ಅಷ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಫೋನಿನಲ್ಲಿ ನಿಮ್ಮ ಅವ್ವ ಕೇಳಿದರು...
“ಮನಿಗೆ ಬಂದವನ ‘ನಿಂತದ ಅವ್ವಾ, ನಿಂತದ’ ಅಂದ. ಏನ್ ನಿಂತಿತ್ತಪಾ?”
“ಹನಿರೀ, ಅವ್ವಾರ.”
“ಹೌದಾ... ನಿಂತಿತ್ತಲಾ? ಸಾಕ್ ಬಿಡು.”

ಎಲ್ಲಿದ್ದೀರೋ ಅಲ್ಲಿ ಜಾರದೆ ನಿಲ್ಲಿ, ಮಲ್ಲಣ್ಣ.
ನಿಮ್ಮ ಜೀವ ತಂಪಾಗಿರಲಿ. 🙏

ಒಂದು ಮಾತು ಉಳಿಯಿತು...
ಆ ಹನಿ ಕಂಪ್ಯೂಟರಿನದಲ್ಲ. ನನ್ನ ಬಾಟಲಿಯ ನೀರು.
ಬೆರಳಿನಿಂದ ಸ್ಕ್ರೀನಿಗೆ ಹಚ್ಚಿದ್ದೆ.
ಸೋಮವಾರ ಹೇಳಿ ಬೈಸಿಕೊಳ್ಳೋಣ ಅಂತಿದ್ದೆ...